ಪೋಲೇನು ಅಂದರೆ ರೆಫ್ಯೂಸ್ಡ್ ಅಲ್ಲ

ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಅತಿ ಸಲೀಸಾಗಿ ಬರೆಯಲ್ಪಡುವ ಇಂಗ್ಲಿಷ್ ಪದ ಯಾವುದು ಎಂದು ಕೇಳಿದರೆ ‘ರೆಫ್ಯೂಸ್ಡ್’ ಎಂದು ಹೇಳುತ್ತೇನೆ. ಕಾಯಿಲೆಯ ಹೆಸರು ಬರೆಯುವ ಮೊದಲು ಡಾಕ್ಟರು ಒಂದು ಕ್ಷಣ ಯೋಚಿಸುತ್ತಾರೆ. ಔಷಧಿಯ ಪ್ರಮಾಣ ಬರೆಯುವ ಮೊದಲು ನಾವು ನರ್ಸುಗಳು ಎರಡು ಸಲ ನೋಡುತ್ತೇವೆ. ಈ ಪದ ಬರೆಯುವಾಗ ಮಾತ್ರ ಯಾರ ಕೈಯೂ ತಡೆದು ನಿಂತದ್ದನ್ನು ನಾನು ಕಾಣೆ.

ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಈ ನಾಲ್ಕು ಊರುಗಳ ಸುತ್ತಲೇ ನನ್ನ ನರ್ಸ್ ಕೆಲಸ ಮುಗಿಯಿತು. ನಿವೃತ್ತಿಯಾದ ಮೇಲೆ, ಕೋರ್ಸ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ಮನೆಗೆ ಬರುತ್ತಾರೆ. “ನಿಮ್ಮ ಎಕ್ಸ್‌ಪೀರಿಯನ್ಸ್ ಹೇಳಿ ಮೇಡಂ” ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಯಾವ ವಾರ್ಡಿನಲ್ಲಿ ಕೆಲಸ ಕಡಿಮೆ, ಯಾವ ಊರಿಗೆ ಬೆಂಗಳೂರಿನಿಂದ ಓಡಾಡಬಹುದು ಎಂಬುದು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಈ ಒಂದು ಪದದ ವಿಷಯ ಬರೆಯುತ್ತೇನೆ.

ಮೊದಲೇ ಒಂದು ಮಾತು. ಕೊನೆಗೆ ಬರುವ ಘಟನೆ ಯಾವ ಊರಿನ ಆಸ್ಪತ್ರೆಯಲ್ಲಿ ನಡೆಯಿತು ಎಂದು ನಾನು ಬರೆಯುವುದಿಲ್ಲ. ಹೆಸರುಗಳನ್ನು ಬದಲಿಸಿದ್ದೇನೆ. ಜನ ಆಡಿದ ಮಾತುಗಳನ್ನು ಬದಲಿಸಿಲ್ಲ. ನಾನೇ ಕಿವಿಯಾರೆ ಕೇಳಿದ್ದನ್ನು ಬರೆದಿದ್ದೇನೆ. ಬೇರೆಯವರು ಹೇಳಿ ತಿಳಿದದ್ದನ್ನು ಹಾಗೆಂದೇ ಬರೆದಿದ್ದೇನೆ.

ಈ ಪದವನ್ನು ನನಗೆ ಕಲಿಸಿದವರು ನನ್ನ ಮೊದಲ ವಾರ್ಡಿನ ಹಿರಿಯ ಸಿಸ್ಟರ್ ಲೀಲಮ್ಮನವರು. ಒಬ್ಬ ಹೆಂಗಸು ರಕ್ತ ಪರೀಕ್ಷೆಗೆ ಕೈ ಚಾಚಲಿಲ್ಲ. ಟೊಮೇಟೊ ಕೀಳಲು ಆಳುಗಳಿಗೆ ಹೇಳಿಬಂದಿದ್ದಳಂತೆ. “ಈಗ ಆಗಲ್ಲ ಸಿಸ್ಟ್ರೇ, ಸಂಜೆ ಬರ್ತೀನಿ” ಎಂದು ಹೊರಟುಹೋದಳು. ನಾನು ಕೇಸ್ ಶೀಟಿನಲ್ಲಿ ‘ಸಂಜೆ ಬರುತ್ತಾರಂತೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಎಂದು ಪೆನ್ನು ಹಿಡಿದು ಕೂತಿದ್ದೆ.

“ಏನೇ ಅಷ್ಟೊಂದು ಯೋಚ್ನೆ? ರೆಫ್ಯೂಸ್ಡ್ ಅಂತ ಬರಿ” ಎಂದರು ಲೀಲಮ್ಮನವರು.

“ಬೇಡ ಅನ್ಲಿಲ್ಲ ಸಿಸ್ಟರ್. ಸಂಜೆ ಬರ್ತೀನಿ ಅಂದ್ರು.”

“ಬಂದ್ರೆ ಬರ್ಲಿ, ಯಾರು ಬೇಡ ಅಂದ್ರು? ಈ ಪದ ನಮಗೆ ಕೊಡೆ ಇದ್ದಂಗೆ ಕಣೇ. ಮಳೆ ಬರ್ಲಿ ಬರ್ದೆ ಇರ್ಲಿ, ಕೈಲಿ ಇಟ್ಕೊಂಡಿರು.”

ಅವಳು ಸಂಜೆ ಬಂದಳು. ರಕ್ತ ಕೊಟ್ಟಳು. ಕೇಸ್ ಶೀಟಿನಲ್ಲಿ ಬೆಳಗಿನ ರೆಫ್ಯೂಸ್ಡ್ ಹಾಗೆಯೇ ಉಳಿಯಿತು. ಲೀಲಮ್ಮನವರು ಕೆಟ್ಟವರಲ್ಲ. ಹೆರಿಗೆ ಮಾಡಿಸುವುದರಲ್ಲಿ ಅವರ ಕೈಗೆ ಸಮನಾದ ಕೈಯನ್ನು ನಾನು ಆಮೇಲೆ ನೋಡಿಲ್ಲ. ಆದರೆ ಕೊಡೆ ಎಂದರಲ್ಲ, ಆ ಕೊಡೆ ಯಾರ ತಲೆಯ ಮೇಲಿರುತ್ತದೆ, ಅದರ ನೀರು ಯಾರ ಮೇಲೆ ಇಳಿಯುತ್ತದೆ ಎಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ಕಡೆಯ ಜನ ಆಸ್ಪತ್ರೆಯಲ್ಲಿ ನೇರವಾಗಿ ‘ಒಲ್ಲೆ’ ಎನ್ನುವುದು ಬಹಳ ಅಪರೂಪ. ‘ನೋಡೋಣ’ ಎನ್ನುತ್ತಾರೆ. ‘ಮನೇಲಿ ಕೇಳಿ ಹೇಳ್ತೀನಿ’ ಎನ್ನುತ್ತಾರೆ. ‘ಈಗಲೇನಾ?’ ಎಂದು ಕೇಳುತ್ತಾರೆ. ಸುಮ್ಮನೆ ನೆಲ ನೋಡುತ್ತಾರೆ. ‘ಆಗಲ್ಲ’ ಎನ್ನುತ್ತಾರೆ. ಆ ಆಗಲ್ಲ ಎಂಬುದರೊಳಗೆ ಮನಸ್ಸಿಲ್ಲ ಎಂಬುದು ಇರಬಹುದು, ಮೈಯಲ್ಲಿ ಶಕ್ತಿಯಿಲ್ಲ ಎಂಬುದು ಇರಬಹುದು, ಮನೆಯಲ್ಲಿ ಹಸುಗೂಸನ್ನು ನೋಡಿಕೊಳ್ಳುವವರಿಲ್ಲ ಎಂಬುದು ಇರಬಹುದು. ಯಾವುದು ಎಂದು ತಿಳಿಯಬೇಕಾದರೆ ಇನ್ನೊಂದು ಪ್ರಶ್ನೆ ಕೇಳಬೇಕು. ಇನ್ನೊಂದು ಪ್ರಶ್ನೆ ಕೇಳುವ ಶ್ರಮವನ್ನು ಉಳಿಸುವುದಕ್ಕೇ ಈ ಪದ ಇದೆ.

ಚಿಂತಾಮಣಿಯಲ್ಲಿ ಗಂಡಸರ ವಾರ್ಡಿನಲ್ಲಿದ್ದಾಗ ಕೈವಾರದ ಕಡೆಯಿಂದ ಬಂದ ಒಬ್ಬ ಮುದುಕರಿದ್ದರು. ಕೆಮ್ಮು, ಜ್ವರ. ಬೆಳಗಿನ ಹಾಲು ಬ್ರೆಡ್ಡು ಮುಟ್ಟಲಿಲ್ಲವೆಂದು ಬೆಳಗಿನ ಪಾಳಿಯವರು ‘ಊಟ ರೆಫ್ಯೂಸ್ಡ್’ ಎಂದು ಬರೆದರು. ಸಂಜೆಯ ಊಟ ಮುಟ್ಟಲಿಲ್ಲವೆಂದು ಸಂಜೆಯವರು ಅದನ್ನೇ ಬರೆದರು. ಮಧ್ಯಾಹ್ನ ಮಗಳು ಮನೆಯಿಂದ ಮುದ್ದೆ ತಂದು ಉಣ್ಣಿಸಿದ್ದನ್ನು ಯಾರೂ ಬರೆಯಲಿಲ್ಲ. ಅಂದೇ ರಾತ್ರಿ ರೌಂಡ್ಸಿಗೆ ಬಂದ ಡಾಕ್ಟರು ಎರಡು ರೆಫ್ಯೂಸ್ಡ್‌ಗಳನ್ನು ನೋಡಿ, ಮೂಗಿನಿಂದ ನಳಿಗೆ ಹಾಕಿ ಗಂಜಿ ಕೊಡಿ ಎಂದು ಆರ್ಡರ್ ಬರೆದರು. ನಾನು ನಳಿಗೆ ಹಿಡಿದು ಹೋದಾಗ ಮುದುಕರು ಎದ್ದು ಕೂತರು.

“ಏನಮ್ಮಾ ಇದು?”

“ನೀವು ಊಟ ಮಾಡ್ತಿಲ್ವಂತೆ ತಾತ. ಮೂಗಿಂದ ಕೊಡ್ಬೇಕಂತೆ.”

“ಅಯ್ಯೋ ನಿನ್ನ, ಇವತ್ತು ಶನಿವಾರ ಕಣಮ್ಮ. ಒಪ್ಪತ್ತು ನಾನು. ಮಧ್ಯಾಹ್ನ ಹೊಟ್ಟೆತುಂಬಾ ಆಯ್ತಲ್ಲ.” ಸ್ವಲ್ಪ ಹೊತ್ತು ನಳಿಗೆಯನ್ನೇ ನೋಡಿ ಕೇಳಿದರು, “ಮೂಗಿಂದ ತಿಂದ್ರೂ ಒಪ್ಪತ್ತು ಕೆಡ್ತದಾ? ಡಾಕ್ಟ್ರನ್ನ ಕೇಳ್ಕೊಂಡು ಬಾ ಹೋಗು.”

ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ. ಈಗ ಬರೆಯುವಾಗ ಅಷ್ಟು ನಗು ಬರುವುದಿಲ್ಲ. ಆ ಮುದುಕರಿಗೆ ಬಾಯಿ ಜೋರಿತ್ತು, ಎದ್ದು ಕೂತು ಕೇಳುವ ಶಕ್ತಿಯಿತ್ತು. ಅದಿಲ್ಲದವರ ಮೂಗಿಗೆ ನಳಿಗೆ ಹೋಗಿರುತ್ತದೆ.

ಗೌರಿಬಿದನೂರಿನಲ್ಲಿದ್ದಾಗ ಧಾರವಾಡದ ಕಡೆಯಿಂದ ಒಬ್ಬ ಹುಡುಗ ಡಾಕ್ಟರು ಬಂದರು. ಒಳ್ಳೆಯ ಮನಸ್ಸು, ಜೋರು ದನಿ, ತೆಲುಗು ಒಂದಕ್ಷರ ಬಾರದು. ನಮ್ಮ ಕಡೆ ಅರ್ಧ ಜನ ಮನೆಯಲ್ಲಿ ತೆಲುಗು ಆಡುತ್ತಾರೆ. ನೋವು ಬಂದರೆ ಬಾಯಿಗೆ ಬರುವುದು ಮನೆಯ ಮಾತೇ. ಒಬ್ಬ ಅಜ್ಜಿಗೆ ಎಕ್ಸ್‌ರೇಗೆ ಎದುರಿನ ಕಟ್ಟಡಕ್ಕೆ ಹೋಗು ಎಂದರೆ ಆಕೆ ತಲೆಯಾಡಿಸಿ “ಪೋನು, ನೇನು ಪೋನು” ಎಂದಳು. ಡಾಕ್ಟರು ಜೇಬಿನಿಂದ ತಮ್ಮ ಮೊಬೈಲು ತೆಗೆದು ಅಜ್ಜಿಯ ಕೈಗೆ ಕೊಟ್ಟರು.

“ತಗೋರಿ ಯವ್ವಾ, ಯಾರಿಗೆ ಹಚ್ಚಬೇಕು ಹೇಳ್ರಿ, ನಾನs ಹಚ್ಚಿ ಕೊಡ್ತೀನಿ.”

ಅಜ್ಜಿ ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಈ ಡಬ್ಬೀಲೇನಾ ನನ್ ಕಾಲಿನ ಫೋಟೋ ತೆಗೆಯೋದು? ಹಂಗಾದ್ರೆ ತೆಗಿ” ಎಂದು ಕಾಲು ಚಾಚಿದಳು.

ಪೋನು ಎಂದರೆ ತೆಲುಗಿನಲ್ಲಿ ‘ಹೋಗುವುದಿಲ್ಲ’. ಅದನ್ನು ಆ ಡಾಕ್ಟರಿಗೆ ಹೇಳಿಕೊಟ್ಟಾಗ ಅವರು ಅವತ್ತೇ ಇನ್ನೊಂದು ಪ್ರಶ್ನೆ ಕೇಳಿದರು. ಇದನ್ನು ನಾನು ಅವರ ಗೌರವಕ್ಕಾಗಿ ಬರೆಯುತ್ತಿದ್ದೇನೆ. “ಸಿಸ್ಟರ್, ಹೋಗಲಿಕ್ಕೆ ಆಗೂದಿಲ್ಲ ಅನ್ನಬೇಕಾದ್ರ ಏನಂತಾರ?”

“ಪೋಲೇನು ಅಂತಾರೆ ಸಾರ್.”

“ಪೋನು, ಪೋಲೇನು. ನಡುವ ಒಂದು ‘ಲೇ’ ಅಷ್ಟs ಫರಕು?”

ಅಷ್ಟೇ ವ್ಯತ್ಯಾಸ. ನಡುವೆ ಒಂದು ‘ಲೇ’. ಪೋನು ಎಂದರೆ ಹೋಗಲ್ಲ. ಪೋಲೇನು ಎಂದರೆ ಹೋಗಕ್ಕಾಗಲ್ಲ. ಒಂದು ಮನಸ್ಸಿನ ಮಾತು, ಇನ್ನೊಂದು ಮೈಯ ಮಾತು. ಆ ಡಾಕ್ಟರು ಅಲ್ಲಿದ್ದಷ್ಟು ಕಾಲ, ಯಾರು ಏನೆಂದರೂ “ಅದರಾಗ ‘ಲೇ’ ಐತೇನ್ರಿ?” ಎಂದು ನಮ್ಮನ್ನು ಕೇಳಿ ಆಮೇಲೆ ಬರೆಯುತ್ತಿದ್ದರು. ಕಲಿಯುವುದಕ್ಕೆ ಅವರಿಗೆ ಬೇಕಾದದ್ದು ಒಂದು ಬೆಳಗ್ಗೆ ಮಾತ್ರ. ಆದ್ದರಿಂದ, ಕಲಿಯುವುದಕ್ಕೆ ಪುರುಸೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಕೈಬರಹದ ಕಾಲದಲ್ಲಿ ಮನಸ್ಸಿದ್ದವರು ರೆಫ್ಯೂಸ್ಡ್ ಪಕ್ಕದಲ್ಲಿ ಒಂದು ಸಾಲು ಸೇರಿಸಬಹುದಿತ್ತು. ನಮ್ಮಲ್ಲಿ ಬಂದ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇಳಿಯುತ್ತಿತ್ತು. ರೋಗಿ ದೊಡ್ಡ ಆಸ್ಪತ್ರೆಗೆ ಹೋದರೇ, ಹೋಗಲಿಲ್ಲವೇ? ಹೋಗದಿದ್ದರೆ ಇರುವುದು ಒಂದೇ ಕಾರಣ, ರೆಫ್ಯೂಸ್ಡ್. ಗಾಡಿ ಇರಲಿಲ್ಲ ಎಂಬುದಕ್ಕೆ ಅಲ್ಲಿ ಜಾಗ ಇಲ್ಲ. ಜೊತೆಗೆ ಹೋಗುವವರು ಇರಲಿಲ್ಲ ಎಂಬುದಕ್ಕೆ ಜಾಗ ಇಲ್ಲ. ಅದನ್ನು ಒತ್ತದೆ ಮುಂದಿನ ಪುಟ ತೆರೆಯುವುದೂ ಇಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು, ಏಕೆಂದರೆ ನನ್ನ ಸಿಟ್ಟೆಲ್ಲ ಇದರಿಂದ ಹುಟ್ಟಿದ್ದು. ಕನ್ನಡದಲ್ಲಿ ಬರೆದರೆ ಕ್ರಿಯಾಪದವೇ ಆಳನ್ನು ತೋರಿಸಿಬಿಡುತ್ತದೆ. ನಿರಾಕರಿಸಿದಳು ಎಂದರೆ ಒಬ್ಬ ಹೆಂಗಸು. ನಿರಾಕರಿಸಿದರು ಎಂದರೆ ಮನೆಯವರು, ಇಲ್ಲವೇ ದೊಡ್ಡವರು ಯಾರೋ. ನಿರಾಕರಿಸಿದೆವು ಎಂದರೆ ನಾವೇ. ಆಸ್ಪತ್ರೆಯ ಇಂಗ್ಲಿಷಿನಲ್ಲಿ ರೆಫ್ಯೂಸ್ಡ್ ಎಂದು ಒಂಟಿಯಾಗಿ ಬರೆದರೆ ಯಾರು ಎಂಬುದು ಮಾಯವಾಗುತ್ತದೆ. ಗಾಡಿಯವನು ಬರಲ್ಲ ಎಂದರೂ ರೆಫ್ಯೂಸ್ಡ್. ದೊಡ್ಡ ಆಸ್ಪತ್ರೆಯವರು ಹಾಸಿಗೆ ಖಾಲಿ ಇಲ್ಲ ಎಂದರೂ ರೆಫ್ಯೂಸ್ಡ್. ಓದುವವರು ಮಾತ್ರ ಪ್ರತಿ ಸಲವೂ ಅದನ್ನು ರೋಗಿಯ ಹೆಸರಿಗೆ ಸೇರಿಸಿ ಓದುತ್ತಾರೆ, ಏಕೆಂದರೆ ಆ ಹಾಳೆಯ ಮೇಲಿರುವ ಹೆಸರು ಅವರದೊಂದೇ.

ಈಗ ಅಂಜಿನಮ್ಮನ ವಿಷಯ.

ನನ್ನ ನೌಕರಿಯ ಕೊನೆಯ ವರ್ಷ. ಮಧ್ಯಾಹ್ನ ಹೊರರೋಗಿಗಳೆಲ್ಲ ಹೋಗಿ ಆಸ್ಪತ್ರೆ ತಣ್ಣಗಿದ್ದ ಹೊತ್ತು. ಆಂಧ್ರದ ಗಡಿಯ ಕಡೆಯ ಹಳ್ಳಿಯಿಂದ ಒಂದು ಆಟೋದಲ್ಲಿ ತುಂಬು ಬಸುರಿಯನ್ನು ಕರೆತಂದರು. ಜೊತೆಗಿದ್ದದ್ದು ಅತ್ತೆ ನಾರಾಯಣಮ್ಮ ಒಬ್ಬರೇ. ಗಂಡ ಶ್ರೀನಿವಾಸ ರೇಷ್ಮೆಗೂಡು ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದ. ಚೊಚ್ಚಲು. ರಕ್ತ ಹೋಗುತ್ತಿತ್ತು. ಮುಟ್ಟಿದರೆ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ತಕ್ಷಣ ಆಪರೇಷನ್ ಆಗಬೇಕು ಎಂದು ನೋಡಿದ ಕೂಡಲೇ ತಿಳಿಯುವಂಥ ಕೇಸು. ಅರಿವಳಿಕೆ ಕೊಡುವ ಡಾಕ್ಟರು ಆ ದಿನ ನಮ್ಮಲ್ಲಿ ಇರಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಆಂಬುಲೆನ್ಸ್ ಇನ್ನೊಬ್ಬರನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿತ್ತು. ಇನ್ನೊಂದನ್ನು ಕರೆದರೆ ‘ಬರುತ್ತಿದೆ’ ಎಂದರು. ಎಲ್ಲಿದೆ ಎಂದು ಹೇಳಲಿಲ್ಲ.

ಡ್ಯೂಟಿ ಡಾಕ್ಟರು ಹೊಸಬರು, ಬೇರೆ ಜಿಲ್ಲೆಯವರು. ಬೆವೆತುಹೋಗಿದ್ದರು. “ಕಾಯೋದು ಬೇಡ, ಯಾವ ಗಾಡಿ ಸಿಗುತ್ತೋ ಅದರಲ್ಲಿ ಕರ್ಕೊಂಡು ಹೋಗಿ” ಎಂದು ನಾರಾಯಣಮ್ಮನಿಗೆ ಹೇಳಿದರು. ಆಕೆ ಬರಿಗಾಲಿನಲ್ಲಿ ರಸ್ತೆಗೆ ಓಡಿ, ತರಕಾರಿ ಇಳಿಸಿ ಬರುತ್ತಿದ್ದ ಒಂದು ಟೆಂಪೊವನ್ನು ಅಡ್ಡಹಾಕಿ ಗೇಟಿನೊಳಗೆ ತಂದರು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಿಸಬೇಕು, ಹಿಂದೆ ಕ್ರೇಟುಗಳಿದ್ದವು.

ನಾನು ಅಂಜಿನಮ್ಮನ ಭುಜ ಹಿಡಿದು ಎಬ್ಬಿಸಿದೆ. ನಾರಾಯಣಮ್ಮ ಕಾಲಿನ ಕಡೆ ಇದ್ದರು. ಅರ್ಧ ಎದ್ದವಳು ಬಿಳಿಚಿಕೊಂಡು ನನ್ನ ತೋಳಿನ ಮೇಲೆ ಒರಗಿದಳು. ತುಟಿ ಒಣಗಿತ್ತು. ಅವಳು ಹೇಳಿದ ಮಾತು ಇಷ್ಟು: “ಪೋಲೇನು. ಕೂಸೋಲೇನಕ್ಕಾ, ಪೋಲೇನು.” ಹೋಗಕ್ಕಾಗಲ್ಲ, ಕೂರಕ್ಕಾಗಲ್ಲ ಅಕ್ಕ, ಹೋಗಕ್ಕಾಗಲ್ಲ.

ಬಾಗಿಲಲ್ಲಿ ಕಿವಿಗೆ ಮೊಬೈಲು ಹಿಡಿದು ನಿಂತಿದ್ದ ಡಾಕ್ಟರು ಕೇಳಿದರು, “ಏನಂತೆ ಸಿಸ್ಟರ್?”

“ಕೂರೋಕಾಗಲ್ಲಂತೆ ಸಾರ್. ಬಿ.ಪಿ. ಇಳೀತಿದೆ. ಮಲಗಿಸ್ಕೊಂಡು ಹೋಗೋ ಗಾಡಿನೇ ಬೇಕು.”

ಅವರು ತಲೆಯಾಡಿಸಿದರು. ಕೇಳಿಸಿಕೊಂಡರೋ, ಮೊಬೈಲಿನಲ್ಲಿ ಮಾತಾಡುತ್ತಿದ್ದವರಿಗೆ ತಲೆಯಾಡಿಸಿದರೋ, ಅದನ್ನು ನಾನು ಖಚಿತವಾಗಿ ಹೇಳಲಾರೆ. ನಾನು ಡ್ರಿಪ್ ಹಾಕುವುದರಲ್ಲಿದ್ದೆ.

ಆಂಬುಲೆನ್ಸ್ ಬರುವ ಮೊದಲೇ ನಮ್ಮ ಹೆರಿಗೆ ಕೋಣೆಯಲ್ಲೇ ಮಗು ಹುಟ್ಟಿತು. ಗಂಡು. ಉಸಿರಿರಲಿಲ್ಲ. ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ಆಮೇಲೆ ಬಂದ ಗಾಡಿಯಲ್ಲಿ ತಾಯಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ರಕ್ತ ಕೊಟ್ಟು ಅವಳನ್ನು ಉಳಿಸಿದರು.

ಸುಮಾರು ದಿನಗಳ ಮೇಲೆ ಅಂಜಿನಮ್ಮ ಒಬ್ಬಳೇ ಇಂಜೆಕ್ಷನ್ ರೂಮಿನ ಬಾಗಿಲಿಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿದ ಕಾಗದ. ಜನ ಖಾಲಿಯಾಗುವವರೆಗೂ ಗೋಡೆಗೆ ಒರಗಿ ನಿಂತಿದ್ದಳು.

“ಅಕ್ಕಾ, ಅವತ್ತು ನೀವಿದ್ರಲ್ಲಾ?”

“ಇದ್ದೆ ಕಣಮ್ಮ. ಹೆಂಗಿದ್ದೀಯ?”

“ನಾನು ಬೇಡ ಅಂದ್ನಾ?”

ನನಗೆ ಅರ್ಥವಾಗಲಿಲ್ಲ. ಅವಳು ಕಾಗದ ಕೊಟ್ಟಳು. ನಮ್ಮ ಆಸ್ಪತ್ರೆಯಿಂದ ಕಳಿಸುವಾಗ ಕಂಪ್ಯೂಟರಿನಿಂದ ತೆಗೆದುಕೊಟ್ಟಿದ್ದ ಸಾರಾಂಶ. ಹೆರಿಗೆಗೆ ಮೊದಲೇ ದೊಡ್ಡ ಆಸ್ಪತ್ರೆಗೆ ಹೋಗಲು ಸೂಚಿಸಲಾಯಿತು ಎಂಬ ಅರ್ಥದ ಇಂಗ್ಲಿಷ್ ವಾಕ್ಯ, ಅದರ ಮುಂದೆ ‘ಪೇಷೆಂಟ್ ರೆಫ್ಯೂಸ್ಡ್’. ಕಾಲೇಜಿನಲ್ಲಿ ಓದುವ ಮೈದುನ ಅದನ್ನು ಮನೆಯಲ್ಲಿ ಓದಿ ಹೇಳಿದ್ದನಂತೆ. ಡಾಕ್ಟರು ಹೋಗು ಅಂದವ್ರೆ, ಅತ್ತಿಗೇನೇ ಬೇಡ ಅಂದವ್ಳೆ ಎಂದು. ಅವನು ತಪ್ಪು ಓದಿಲ್ಲ. ಆ ಪದದ ಅರ್ಥ ಅದೇ.

“ಯಾರೂ ಬಯ್ಯಲ್ಲ ಅಕ್ಕ. ನಮ್ಮ ಯಜಮಾನ್ರು ಮಾತಾಡೋದು ಬಿಟ್ಟವ್ರೆ. ಅತ್ತೆ ಹುಳದ ಮನೆಗೆ ಬರ್ಬೇಡ ಅಂದ್ರು.”

ಹುಳದ ಮನೆ ಎಂದರೆ ರೇಷ್ಮೆಹುಳು ಸಾಕುವ ಕೋಣೆ. ಆ ಊರುಗಳಲ್ಲಿ ಸಂಸಾರ ನಡೆಯುವುದೇ ಅದರ ಮೇಲೆ. ಕೈ ಒಳ್ಳೆಯದಲ್ಲ ಎಂದುಕೊಂಡವರನ್ನು ಅದರೊಳಗೆ ಬಿಡುವುದಿಲ್ಲ. ಸೊಸೆಗೆ ಹುಳದ ಮನೆಗೆ ಬರಬೇಡ ಎಂದರೆ ಅದಕ್ಕಿಂತ ಜೋರಾಗಿ ಬಯ್ಯುವುದು ಇನ್ನು ಬೇಕಾಗುವುದಿಲ್ಲ. ತನ್ನ ಮಗುವನ್ನೇ ಬೇಡ ಎಂದವಳ ಕೈ ಅದು ಎಂದು ಹೇಳಿದ ಹಾಗಾಯಿತು.

“ನಂಗೆ ಜ್ಞಾಪಕ ಇಲ್ಲ” ಎಂದಳು. “ನೋವಲ್ಲಿ ಏನಂದ್ನೋ. ರಾತ್ರಿ ಹಗಲು ಯೋಚ್ನೆ ಮಾಡಿ ಮಾಡಿ, ಅಂದಿರ್ಬೇಕು ಅಂತಾನೇ ಅನ್ಸ್ತದೆ ಈಗ. ಅಂದಿದ್ರೆ ಅಂದೆ ಅಂತ ಹೇಳಿ ಅಕ್ಕ. ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಿ.”

ನಾನು ಅವಳಿಗೆ ಅವಳ ಮಾತನ್ನೇ ಹೇಳಿದೆ. ನೀನು ಪೋಲೇನು ಅಂದೆ. ಕೂಸೋಲೇನು ಅಂದೆ. ಪೋನು ಅನ್ನಲಿಲ್ಲ. ವದ್ದು ಅನ್ನಲಿಲ್ಲ, ಅಂದರೆ ಬೇಡ ಅನ್ನಲಿಲ್ಲ.

ಅವಳು ಅಳಲಿಲ್ಲ. “ನೀವು ಹೇಳಿದ್ರೆ ನಾನು ನಂಬ್ತೀನಿ. ಮನೇಲಿ ಪೇಪರ್ ನಂಬ್ತಾರೆ. ಪೇಪರಲ್ಲಿ ಬದಲಾಯ್ಸಿ ಕೊಡಿ” ಎಂದಳು.

ಮೊದಲು ಆ ಡ್ಯೂಟಿ ಡಾಕ್ಟರನ್ನು ಕೇಳಿದೆ. “ನಾನು ಆ ತಾಯಿ ಮೇಲೆ ತಪ್ಪು ಹೊರಿಸ್ಬೇಕು ಅಂತ ಒತ್ತಿದ್ದಲ್ಲ ಸಿಸ್ಟರ್. ಬೇರೆ ಏನೂ ಒತ್ತೋಕೆ ಇರ್ಲಿಲ್ಲ” ಎಂದರು. ಅವರು ಹೇಳಿದ್ದು ನಿಜ, ಅದನ್ನೂ ದಾಖಲಿಸುತ್ತೇನೆ. ಆಮೇಲೆ ಆಸ್ಪತ್ರೆಯ ಮುಖ್ಯ ಡಾಕ್ಟರ ಹತ್ತಿರ ಹೋದೆ.

“ಪೋಲೇನು ಅಂದ್ಲು, ಸರಿ. ಹೆರಿಗೆಗೆ ಮುಂಚೆ ಹೋದ್ಲಾ?” ಎಂದರು.

“ಇಲ್ಲ ಸಾರ್.”

“ಮತ್ತೆ? ಹೋಗಲ್ಲ ಅಂದ್ರೂ ಅಷ್ಟೇ, ಹೋಗಕ್ಕಾಗಲ್ಲ ಅಂದ್ರೂ ಅಷ್ಟೇ. ಹೋಗ್ಲಿಲ್ಲ ತಾನೇ?”

“ಅಷ್ಟೇ ಅಲ್ಲ ಸಾರ್. ಮಲಗಿಸೋ ಗಾಡಿ ಇದ್ದಿದ್ರೆ ಹೋಗ್ತಿದ್ಲು. ಗಾಡಿ ಇರ್ಲಿಲ್ಲ ಅಂತ ಬರೀರಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸಿಸ್ಟರ್, ಗಾಡಿ ಇರ್ಲಿಲ್ಲ ಅಂತ ಬರೆದ್ರೆ ನಾಳೆ ನನ್ನನ್ನ ಕೇಳ್ತಾರೆ. ರೆಫ್ಯೂಸ್ಡ್ ಅಂತಿದ್ರೆ ಯಾರನ್ನೂ ಕೇಳಲ್ಲ. ನಿಮಗೆ ರಿಟೈರ್‌ಮೆಂಟ್ ಹತ್ರ ಬಂತು. ಯಾಕಮ್ಮ ಇದೆಲ್ಲಾ?”

ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ನಾನು ಅವರಿಗೆ ಋಣಿ. ಲೀಲಮ್ಮನವರ ಕಾಲದಿಂದ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೊಸ ಹುಡುಗಿಯರೇ, ನಿಮಗೆ ತರಗತಿಯಲ್ಲಿ ಆ ಪದದ ಅರ್ಥ ಏನೆಂದು ಹೇಳಿಕೊಟ್ಟರೋ ನನಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಅದರ ಅರ್ಥ ‘ಇನ್ನು ಯಾರನ್ನೂ ಕೇಳುವಂತಿಲ್ಲ’ ಎಂದು.

ಮಗು ಸತ್ತರೆ ಮೇಲಿನವರು ಒಂದು ಸಭೆ ಮಾಡುತ್ತಾರೆ. ಯಾಕೆ ಸತ್ತಿತು ಎಂದು ಪರಿಶೀಲಿಸುತ್ತಾರೆ. ಅಂಜಿನಮ್ಮನ ಮಗುವಿನ ಸಭೆಗೆ ನಾನು ಕೇಳಿಕೊಂಡು ಹೋದೆ. ನೀರಿನ ಬಾಟಲಿಗಳು, ಫ್ಯಾನು, ಗೋಡೆಯ ಮೇಲೆ ಮೂಡಿಸಿದ ಅದೇ ಸಾರಾಂಶ. ನನ್ನ ಸರದಿ ಬಂದಾಗ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಅವಳ ಮಾತನ್ನು ತೆಲುಗಿನಲ್ಲೇ ಹೇಳಿದೆ. ಅಲ್ಲಿದ್ದ ಹಲವರಿಗೆ ತೆಲುಗು ಬರುತ್ತಿತ್ತು. ಅವರು ಮುಖ ಕೆಳಗೆ ಹಾಕಿದರು. ಸಭೆಗೆ ದೊಡ್ಡವರಾಗಿದ್ದ ಅಧಿಕಾರಿ ತಾಳ್ಮೆಯಿಂದ ಕೇಳಿದರು. ಕೊನೆಗೆ ಹೇಳಿದರು, “ನೀವು ಹೇಳೋದ್ರಲ್ಲಿ ನ್ಯಾಯ ಇದೆ ಸಿಸ್ಟರ್. ರೆಫ್ಯೂಸ್ಡ್ ಅನ್ನೋದು ಸ್ವಲ್ಪ ಒರಟಾಯ್ತು. ಬದಲಾಯಿಸೋಣ.”

ನನ್ನ ಎದೆ ಹಗುರಾಯಿತು. ಅವರೆಲ್ಲ ಸೇರಿ ಬೇರೆ ಪದ ಹುಡುಕಿದರು. ಒಬ್ಬರು ‘ಅನ್‌ವಿಲಿಂಗ್’ ಎಂದರು. ಇನ್ನೊಬ್ಬರು ‘ನಾಟ್ ಅಗ್ರೀಡ್’ ಎಂದರು, ಅದರ ವ್ಯಾಕರಣ ಸರಿಯಿಲ್ಲ ಎಂದು ಮತ್ತೊಬ್ಬರು ತಿದ್ದಿದರು. ಕೊನೆಗೆ ಅಧಿಕಾರಿ ‘ಡಿಕ್ಲೈನ್ಡ್’ ಎಂದು ಬರೆಸಿದರು.

“ಇದು ಮರ್ಯಾದೆಯ ಪದ. ಈಗ ಆಯ್ತಲ್ಲ ಸಿಸ್ಟರ್?”

ನಾನು ನಿಂತೇ ಇದ್ದೆ. “ಸಾರ್, ಅದರ ಅರ್ಥಾನೂ ಬೇಡ ಅಂದ್ಲು ಅಂತಾನೇ ಅಲ್ವಾ?” ಎಂದೆ.

“ಮರ್ಯಾದೆಯಿಂದ ಬೇಡ ಅಂದ್ಲು ಅಂತ” ಎಂದು ಯಾರೋ ಹಿಂದಿನ ಸಾಲಿನಿಂದ ಹೇಳಿದರು. ನಗು ಕೇಳಿಸಿತು. ಮುಂದಿನ ಕೇಸು ಗೋಡೆಯ ಮೇಲೆ ಮೂಡಿತು.

ಇದನ್ನು ನಾನು ಉತ್ಪ್ರೇಕ್ಷೆ ಮಾಡಿಲ್ಲ. ಒಂದು ಕೂಸು ಸತ್ತದ್ದರ ಕಾರಣ ತಿಳಿಯಲು ಓದಿದವರು ಅಷ್ಟು ಜನ ಕೂತು, ತಾಯಿಯ ಮೇಲೆ ಸುಳ್ಳನ್ನು ಒರಟಾಗಿ ಹೇಳಬೇಕೋ ನಯವಾಗಿ ಹೇಳಬೇಕೋ ಎಂದು ಚರ್ಚಿಸಿದರು. ಗಾಡಿಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಈ ಜಿಲ್ಲೆಯಲ್ಲೇ ಹುಟ್ಟಿ, ಪೋನು ಯಾವುದು ಪೋಲೇನು ಯಾವುದು ಎಂದು ತಾಯಿಯ ಹಾಲಿನ ಜೊತೆಗೇ ಕಲಿತವರು ಆ ಕೋಣೆಯಲ್ಲಿದ್ದರು. ಧಾರವಾಡದ ಹುಡುಗನಿಗೆ ಒಂದು ಬೆಳಗ್ಗೆ ಅರ್ಥವಾದದ್ದು ಅವರಿಗೆ ಅರ್ಥವಾಗಲಿಲ್ಲ ಎಂದು ನಾನು ಹೇಗೆ ನಂಬಲಿ?

ಪೇಪರಿನಿಂದ ಆಗುವುದಿಲ್ಲ ಎಂದು ತಿಳಿದ ಮೇಲೆ ರಜೆಯ ದಿನ ಬಸ್ಸು ಹತ್ತಿ ಅಂಜಿನಮ್ಮನ ಊರಿಗೆ ಹೋದೆ. ಯಾರೂ ಕಳಿಸಿರಲಿಲ್ಲ. ನನ್ನ ಕೈಯಲ್ಲಿ ತಿದ್ದಿದ ಕಾಗದ ಇರಲಿಲ್ಲ, ನಾನು ಕೇಳಿದ್ದು ಮಾತ್ರ ಇತ್ತು.

ಮನೆಯ ಮುಂದೆ ನಾರಾಯಣಮ್ಮ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಪಕ್ಕದಲ್ಲೇ ಹುಳದ ಮನೆ. ಹುಳುಗಳು ಎಲೆ ಮೇಯುವ ಸದ್ದು ಹೊರಗೂ ಕೇಳುತ್ತಿತ್ತು. ಅಂಜಿನಮ್ಮ ದೂರದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಹತ್ತಿರ ಬರಲಿಲ್ಲ.

“ಬನ್ನಿ ಸಿಸ್ಟ್ರಮ್ಮ, ಕೂತ್ಕೊಳ್ಳಿ” ಎಂದರು ನಾರಾಯಣಮ್ಮ.

ನಾನು ಅವರ ಎದುರಿಗೆ ಜಗಲಿಯ ಮೇಲೆ ಕೂತೆ. “ನಾರಾಯಣಮ್ಮ, ಅವತ್ತು ಟೆಂಪೊ ತಂದೋರು ನೀವು. ನಾನು ಭುಜ ಹಿಡ್ಕೊಂಡಿದ್ದೆ, ನೀವು ಕಾಲು ಹಿಡ್ಕೊಂಡಿದ್ರಿ. ನಿಮ್ಮ ಸೊಸೆ ಏನಂದ್ಲು? ನಾನು ಹೇಳಲ್ಲ, ನೀವೇ ಹೇಳಿ.”

ಆಕೆಯ ಕೈ ನಿಂತಿತು. ಆಮೇಲೆ ಸೊಪ್ಪಿನ ಕಡೆಗೇ ನೋಡುತ್ತ ಹೇಳಿದರು, “ಪೋಲೇನು ಅನಿಂದಿ.” ಪೋಲೇನು ಅಂದಳು.

“ಮತ್ತೆ ಮನೇಲಿ ಯಾಕೆ ಹೇಳ್ಲಿಲ್ಲಮ್ಮ?”

“ಓದಿದ ಡಾಕ್ಟ್ರು ಇಂಗ್ಲೀಷಲ್ಲಿ ಬರ್ದವ್ರೆ. ಸಣ್ಣ ಮಗ ಓದಿ ಹೇಳ್ದ. ಅಷ್ಟು ದೊಡ್ಡೋರು ತಪ್ಪು ಬರೀತಾರಾ? ಗಾಬ್ರೀಲಿದ್ದೆ, ನನ್ ಕಿವೀನೇ ತಪ್ಪು ಕೇಳಿಸ್ಕೊಂಡಿರ್ಬೇಕು ಅಂದ್ಕೊಂಡೆ ಸಿಸ್ಟ್ರಮ್ಮ.”

ಆ ಹೆಂಗಸಿನ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಇಳಿಯಿತು. ಒಂದು ಪದ ಸೊಸೆಯ ಬಾಯಿಯನ್ನು ಸುಳ್ಳು ಮಾಡಿತ್ತು, ಅತ್ತೆಯ ಕಿವಿಯನ್ನು ಸುಳ್ಳು ಮಾಡಿತ್ತು. ಇಬ್ಬರೂ ಒಂದೇ ಮನೆಯಲ್ಲಿದ್ದು ಒಬ್ಬರನ್ನೊಬ್ಬರು ಕೇಳದ ಹಾಗೆ ಮಾಡಿತ್ತು.

“ನಿಮ್ಮ ಕಿವಿ ಸರಿಯಾಗೇ ಕೇಳಿಸ್ಕೊಂಡದೆ. ನಾನೂ ಅದನ್ನೇ ಕೇಳಿದ್ದು. ಪೇಪರೇ ತಪ್ಪು” ಎಂದೆ.

ಹುಳದ ಮನೆಯ ಬಾಗಿಲಲ್ಲಿ ಶ್ರೀನಿವಾಸ ನಿಂತಿದ್ದ. ಯಾವಾಗ ಬಂದನೋ ತಿಳಿಯದು. ನಾರಾಯಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬಿಡಿಸಿದ ಸೊಪ್ಪಿನ ಬುಟ್ಟಿಯನ್ನು ಸೊಸೆಯ ಕಡೆಗೆ ಸರಿ‌ಸಿದರು.

“ತಗೋಮ್ಮ. ಹುಳಕ್ಕೆ ಹೊತ್ತಾಯ್ತು. ಹೋಗಿ ಹಾಕು.”

ಅಂಜಿನಮ್ಮ ಬಂದಳು. ಬುಟ್ಟಿಯ ಹತ್ತಿರ ನಿಂತಳು. ಬಗ್ಗಲಿಲ್ಲ.

“ನಾನಂದಿದ್ದನ್ನ ಇನ್ನೊಂದ್ಸಲ ಹೇಳಿ ಅತ್ತೆ” ಎಂದಳು. “ಅವ್ರಿಗೆ ಕೇಳೋ ಹಂಗೆ.”

ನಾರಾಯಣಮ್ಮ ಮಗನ ಕಡೆ ತಿರುಗಿ ಹೇಳಿದರು. ಈ ಸಲ ಬೀದಿಗೂ ಕೇಳಿಸಿತು.